ಭಾರದ ಪಿಸ್ಟನ್

ಬಂಗಾರಪೇಟೆ
೧೪ ಜೂನ್ ೨೦೨೪, ಶುಕ್ರವಾರ

ಪ್ರೀತಿಯ ಅಣ್ಣಾ,

ಊಟ ಸೇರುತ್ತಿದೆಯೆ? ಜೈಲಿನ ನೀರಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಅತ್ತಿಗೆ, ಮಗು ಬೂದಿಕೋಟೆಯಲ್ಲಿ ಚೆನ್ನಾಗಿದ್ದಾರೆ. ಮಗು ಈಗ ನಡೆಯುತ್ತಾಳೆ, ಕೋಳಿಗಳನ್ನು ಬೈಯುತ್ತಾಳೆ, ಅದೂ ತೆಲುಗಿನಲ್ಲಿ.

ಪೊಲೀಸರು ನಿನ್ನ ಗೆಳೆಯ ವೆಂಕಿಯ ಲಾರಿ ಇಂಜಿನ್ ಬಿಚ್ಚಿಸಿದರು. ಒಂದು ಪಿಸ್ಟನ್ನಿನ ತಲೆ ಕರಗಿ ತೂತುಬಿದ್ದಿದೆ. ಅದನ್ನು ಹಿಡಿದಿದ್ದ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನೇ ಒಡೆದುಕೊಂಡು ಹೊರಬಂದಿದೆ. ಕುದಿಯುವ ಆಯಿಲ್ ಚಿಮ್ಮಿ ವೆಂಕಿಯ ಮುಖ ಸುಟ್ಟದ್ದು, ಲಾರಿ ಮರಕ್ಕೆ ಗುದ್ದಿ ಅವನು ಸತ್ತದ್ದು ಅದರಿಂದಲೇ. ಕಳಪೆ ಪಿಸ್ಟನ್ ಹಾಕಿದ ಎಂದು ನೀನು ನಮ್ಮ ರಿಪೇರಿ ಶೆಡ್ಡಿನ ಫಿಟ್ಟರ್ ಸೆಲ್ವರಾಜನನ್ನು ಹೊಡೆದೆ. ಅದು ಕಳಪೆಯದಲ್ಲ, ಟರ್ಬೊ ಇಲ್ಲದ ಕಾಲದ್ದು. ಸುತ್ತಳತೆ ಒಂದೇ, ತಲೆಯ ಮೇಲಿನ ಬಟ್ಟಲು ಕಿರಿದು; ಗಾಳಿಯನ್ನು ಹದಿನೆಂಟರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಟರ್ಬೊ ಬಂದ ಮೇಲೆ ಗಾಳಿ ಮೊದಲೇ ಒತ್ತಿಕೊಂಡು ಒಳಬರುವುದರಿಂದ ಬಟ್ಟಲು ಹಿಗ್ಗಿಸಿ, ಒತ್ತಡ ತಗ್ಗಿಸಿದರು. ಪಿಸ್ಟನ್ ತಣಿಯಲು ಒಳಗೇ ಆಯಿಲಿಗೆ ದಾರಿ ಬಿಟ್ಟರು. ಹಳೆಯದರಲ್ಲಿ ಎರಡೂ ಇಲ್ಲ, ಟರ್ಬೊ ಗಾಳಿಯ ಬಿಸಿಗೆ ಕರಗಿತು. ಹೊಸದು ಹಗುರ. ಅಪ್ಪ ಯಾವ ಪಿಸ್ಟನ್ನನ್ನಾದರೂ ಅಂಗೈಯಲ್ಲಿ ತೂಗಿಯೇ ಒಪ್ಪುವುದು ನಿನಗೆ ಗೊತ್ತು.

ಅಪ್ಪನನ್ನೇ ಕೇಳಿದೆ, ಮುಚ್ಚಿಡಲಿಲ್ಲ. "ಒಸದು ತಗಡಿದ್ದಂಗಿತ್ತು. ಬಾರ ಇರೋದೇ ತಡೀತದೆ ಅಂತ ನಾನೇ ಅಳೇದು ಆಕಿಸ್ದೆ" ಎಂದರು. ಸೆಲ್ವರಾಜ "ವೇಣ್ಡಾಂ ಅಣ್ಣಾ, ಬೇಡ, ಇದು ಟರ್ಬೊ" ಎಂದನಂತೆ. ಉರಿಗಾಂನಿಂದ ಬಂದ ನಿನಗೆ ಚಿನ್ನದ ಗಣಿ ಗೊತ್ತು, ಲಾರಿ ಏನು ಗೊತ್ತು ಎಂದು ಅಪ್ಪ ನಕ್ಕರಂತೆ.

ಆ ದಿನ ನಾನು ಶೆಡ್ಡಿನ ಬಾಗಿಲಲ್ಲಿದ್ದೆ. ವೆಂಕಿ ಸತ್ತ ರಸ್ತೆಯಲ್ಲಿ ಸಿಕ್ಕ ಆ ರಾಡಿನ ತುಂಡಿನಿಂದ ನೀನು ಕೊಟ್ಟ ಮೊದಲ ಏಟಿಗೇ ಅವನ ದವಡೆ ಮುರಿಯಿತು. ಬಿದ್ದ. ಹಲ್ಲು ಉಗುಳುತ್ತ ಕೈ ಮುಗಿದ. ಮುಗಿದ ಕೈಗಳ ಮೇಲೆ ಹೊಡೆದೆ, ಕೈ ಜಾರಿದ ಮೇಲೆ ಕಣ್ಣಿಗೆ ಹೊಡೆದೆ. ಅಪ್ಪ ಹಿಂದೆಯೇ ನಿಂತಿದ್ದರು. ಹಾಕಿಸಿದ್ದು ನಾನೇ ಎನ್ನಲಿಲ್ಲ.

ಸೆಲ್ವರಾಜನೇ ಮೊದಲು ಸ್ಪ್ಯಾನರ್ ಎತ್ತಿದ ಎಂದು ನಾನು ಕೋರ್ಟಿನಲ್ಲಿ ಹೇಳಬೇಕಂತೆ. "ನಿಮ್ಮಣ್ಣ ಈಚೆ ಬರೋದು ನಿನ್ನ ಬಾಯಲ್ಲೈತೆ ಕಣಮ್ಮ" ಎಂದು ಅಪ್ಪ ದಿನವೂ ಅನ್ನುತ್ತಾರೆ.

ಬಿಸಿನೀರು ಸಿಕ್ಕರೆ ಅದನ್ನೇ ಕುಡಿ. ಅತ್ತಿಗೆ ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದರು.

ನಿನ್ನ ತಂಗಿ,
ಅಂಬಿಕ

ಮತ್ತೆ: ಮಂಗಳವಾರ ನನ್ನನ್ನು ಸಾಕ್ಷಿಗೆ ಕರೆದಿದ್ದಾರೆ. ಸೆಲ್ವರಾಜನ ಕೈಯಲ್ಲಿ ಏನೂ ಇರಲಿಲ್ಲ ಎಂದೇ ಹೇಳುತ್ತೇನೆ. ಪಿಸ್ಟನ್ ಹಾಕಿಸಿದವರು ಯಾರೆಂದೂ ಹೇಳುತ್ತೇನೆ. ಅಪ್ಪನಿಗೆ ಇನ್ನೂ ತಿಳಿಸಿಲ್ಲ. ಈ ಕಾಗದವನ್ನು ನಿನಗಿಂತ ಮೊದಲು ಜೈಲಿನವರು ಓದುತ್ತಾರೆಂದು ಗೊತ್ತಿದ್ದೇ ಬರೆದಿದ್ದೇನೆ.