ಏಸಿ ಮುಟ್ಟಬೇಡ

ಮೆಕ್ಯಾನಿಕ್ ತಮ್ಮನಿಗೆ ಆಶೀರ್ವಾದಗಳು.

ನಾಳೆ ನೀನು ಬರುವಾಗ ನಾನು ಮಗಳ ಮನೆಯಲ್ಲಿರುತ್ತೇನೆ. ನಾನು ವಾಸವಿರುವ ಕ್ಯಾರವಾನ್ ಮನೆಗಾಡಿಯ ಬೀಗದಕೈ ಹಿಂದಿನ ಚಕ್ರದ ಮೇಲಿದೆ. ಫ್ರಿಜ್ ತಣ್ಣಗಾಗುತ್ತಿಲ್ಲ. ಗಾಡಿ ವಾಲಿ ನಿಂತರೆ ಫ್ರಿಜ್ ಮುನಿಸಿಕೊಳ್ಳುತ್ತದೆಂದು ನಮ್ಮವರು ಎಡಚಕ್ರದ ಕೆಳಗೆ ಹಲಗೆ ಇಡುತ್ತಿದ್ದರು. ಈಗ ಇಡುವವರಿಲ್ಲ, ನೀನೇ ಇಟ್ಟು ನೋಡು. ಬಾಗಿಲಿನ ರಬ್ಬರೂ ಸವೆದಿದೆ, ಬದಲಿಸು.

ಚಾವಣಿಯ ಏಸಿ ಮಾತ್ರ ಬಿಚ್ಚಬೇಡ. "ಅಕ್ಕಾ, ಈ ಗಡಗಡದಲ್ಲಿ ಹೇಗೆ ನಿದ್ದೆ ಮಾಡ್ತೀರಿ?" ಎಂದು ಮೊನ್ನೆ ಕೇಳಿದೆಯಲ್ಲ. ಅದು ಗಡಗಡ ಎಂದಾಗಲೆಲ್ಲ ನಮ್ಮವರು ಎದ್ದು, "ಸುಮ್ನಿರಪ್ಪಾ, ಅವಳು ಮಲಗಿದ್ದಾಳೆ" ಎಂದು ಮುಷ್ಟಿಯಿಂದ ಒಂದು ಗುದ್ದು ಕೊಡುತ್ತಿದ್ದರು. ಅದು ಸುಮ್ಮನಾಗುತ್ತಿತ್ತು.

ಅವರು ತೀರಿಕೊಂಡ ಮೇಲೂ ಮಧ್ಯಾಹ್ನ ನಾನು ಮಲಗಿದರೆ ಅದು ಶುರುಮಾಡುತ್ತದೆ. ಸ್ವಲ್ಪ ಹೊತ್ತಿಗೆ ಗುದ್ದು ಕೇಳಿಸುತ್ತದೆ. ಸುಮ್ಮನಾಗುತ್ತದೆ.

ನೀನು ಅದನ್ನು ಸರಿಮಾಡಿಬಿಟ್ಟರೆ ಅವರಿಗೆ ಎದ್ದು ಬರುವ ಕೆಲಸವೇ ಇರುವುದಿಲ್ಲ.

ಇತಿ,
ನಿನ್ನ ಅಕ್ಕ