ಸಮಪಾಲಿನ ಹೋಳಿಗೆ

ಮಾರ್ಚ್ 10, ಸೋಮವಾರ

ಬೆಳಿಗ್ಗೆಯಿಂದ ಬೇಳೆ ಬೇಯಿಸಿದ್ದೇ ಆಯ್ತು. ಇವತ್ತು ಹೂರಣದ ಸರದಿ ನಂದು. ಕಣಕ ಸರ್ವಮಂಗಳಾದು, ಕಾವಲಿ ಸೌಂದರ್ಯಾದು. ಕಮಲಮ್ಮನಿಗೆ ಮಾತ್ರ ದಿನಾ ಪ್ಯಾಕಿಂಗ್ — ಮಂಡಿ ಆಪರೇಷನ್ ಆದ ಮೇಲೆ ಒಲೆ ಮುಂದೆ ನಿಲ್ಲೋಕಾಗಲ್ಲ. ನಾಲ್ಕು ಜನ, ದುಡ್ಡು ಸಮಪಾಲು. ಚಾಮರಾಜಪೇಟೆಯಲ್ಲಿ ಈ ಹೋಳಿಗೆ ಅಂಗಡಿ ಶುರು ಮಾಡಿದಾಗ ನಾನೇ ಹಾಕಿದ ರೂಲ್. ಮಿಲ್ ಯೂನಿಯನ್‌ಗೆ ಜೀವ ಸವೆಸಿದ ಅಪ್ಪನ ಮಗಳು, ಇನ್ನೇನು ಹಾಕ್ತೀನಿ!

ಸಂಜೆ ಸೌಂದರ್ಯಾ ಶುರು ಮಾಡಿದಳು. "ಚೂಡಾಮಣಿ ಅಕ್ಕ, ಬರೋರೆಲ್ಲ ನಾನು ತಟ್ಟಿದ್ದೇ ಕೇಳ್ತಾರೆ. ಕಮಲಮ್ಮಂಗೂ ನಂಗೂ ಒಂದೇ ಪಾಲು ಅಂದ್ರೆ ಹೇಗೆ? ತಟ್ಟಿದಷ್ಟಕ್ಕೆ ದುಡ್ಡು ಅಂತ ಮಾಡಿ. ಮಲ್ಲೇಶ್ವರದಲ್ಲಿ ಒಂದು ಸ್ವೀಟ್ ಅಂಗಡಿಯವರು ಕರೀತಿದಾರೆ."

ಕಮಲಮ್ಮ ಅಲ್ಲೇ ಕೂತಿದ್ರು. ಹೋಳಿಗೆ ಡಬ್ಬಕ್ಕೆ ತುಂಬ್ತಾನೇ ಇದ್ರು.

ಕೂಗಾಡಿಬಿಟ್ಟೆ. "ಹೋಗು, ಹೋಗಿ ಸಾಹುಕಾರನ ಕೈಕೆಳಗೆ ದುಡಿ!" ಹೋದಳು.

ಮಾರ್ಚ್ 14

ಸೌಂದರ್ಯಾ ಇವತ್ತೂ ಬರಲಿಲ್ಲ. ನಾನು ತಟ್ಟಿದ್ದು ಚಪಾತಿ ಥರ. ದಿನಾ ಬರೋ ಶ್ರೀನಿವಾಸಯ್ಯ ಒಂದು ತುಂಡು ಬಾಯಿಗಿಟ್ಟು, "ಆ ಹುಡುಗಿ ಬಂದ ಮೇಲೆ ಬರ್ತೀನಿ ಬಿಡಿ" ಅಂದ್ರು. ಮೈ ಉರೀತು.

ಆದ್ರೆ... ಅವಳಿಗೂ ಆಸೆ ಇರಬಾರದಾ? ಫೋನ್ ಮಾಡಿದೆ. "ಸರಿ, ನಿನ್ನ ರೂಲೇ ನೋಡೋಣ, ಬಾ."

ಮಾರ್ಚ್ 21

ಸೌಂದರ್ಯಾ ವಾಪಸ್ ಬಂದಳು. ಅಯ್ಯೋ ಕರ್ಮ! ತಟ್ಟಿದಷ್ಟಕ್ಕೆ ದುಡ್ಡು ಅಂದಿದ್ದೇ ತಡ, ಮೂರೂ ಜನ ಕಾವಲಿ ಮುಂದೆ. ಸರ್ವಮಂಗಳಾ ಮೊಣಕೈಯಲ್ಲಿ ತಿವಿದಳು. ನಾನೂ ತಿವಿದೆ, ಸುಳ್ಳು ಯಾಕೆ ಹೇಳಲಿ. ಪಕ್ಕದ ಒಲೆ ಮೇಲೆ ಹೂರಣ — ಅದನ್ನ ತಿರುವಿದ್ರೆ ದುಡ್ಡಿಲ್ವಲ್ಲ! — ತಳ ಹತ್ತಿ, ಸೀದ ವಾಸನೆ ಬೀದಿವರೆಗೂ ಹೋಯ್ತು. ಕಮಲಮ್ಮ ಕೂತಲ್ಲಿಂದ್ಲೇ ಕೂಗ್ತಿದ್ರಂತೆ. ಯಾರು ಕೇಳಿಸ್ಕೊಂಡ್ರು? ಇಡೀ ಪಾತ್ರೆ ಚೆಲ್ಲಿದ್ವಿ.

ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಕೂತು ಮಾತಾಡಿದ್ವಿ. ಮೊದಲು ಎಲ್ಲರಿಗೂ ಮನೆ ನಡೆಯೋಷ್ಟು ಸಮಪಾಲು. ಅದರ ಮೇಲೆ ಉಳಿದದ್ದು ಕೆಲಸಕ್ಕೆ ತಕ್ಕ ಹಾಗೆ — ಹೂರಣ ತಿರುವೋದೂ ಕೆಲಸವೇ. ಅಪ್ಪ ಇದ್ದಿದ್ರೆ ಜಗಳ ಆಡ್ತಿದ್ರು. ಆಮೇಲೆ ಒಪ್ತಿದ್ರು ಅನ್ಸತ್ತೆ.

ಮಾರ್ಚ್ 26

ಈಗ ಕಮಲಮ್ಮ ಬರ್ತಿಲ್ಲ! ಯುಗಾದಿ ಆರ್ಡರ್ ಮೇಲೆ ಆರ್ಡರ್. ಎನ್.ಆರ್. ಕಾಲೋನಿಯ ಅವರ ಮನೆಗೆ ಹೋದೆ.

"ಸೌಂದರ್ಯಾ ಅಂದಿದ್ರಲ್ಲಿ ತಪ್ಪೇನಿದೆ? ಕೂತು ತಿನ್ನೋ ಪಾಲು ನಂಗೆ ಬೇಡ ಕಣೇ."

ಕಾಫಿ ಕೊಟ್ರು. ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ. ಬಸ್ಸಲ್ಲಿ ಅಳು ಬಂತು. ಕಮಲಮ್ಮನಂಥವರು ಕೈತಪ್ಪಿ ಹೋಗಬಾರದು ಅಂತ ತಾನೇ ಸಮಪಾಲು ಅಂತ ಒದ್ದಾಡಿದ್ದು.

ಮಾರ್ಚ್ 28, ಮಧ್ಯಾಹ್ನ

ಸೌಂದರ್ಯಾಗೆ ಹೇಳಿದೆ. ಕೈ ತೊಳ್ಕೊಂಡಳು. "ನಡೀರಿ ಅಕ್ಕ." ಆಟೋದಲ್ಲಿ ಹೋದ್ವಿ.

ಕಮಲಮ್ಮನ ಮುಂದೆ ನೆಲದ ಮೇಲೆ ಕೂತು, "ಅಮ್ಮ, ನಂಗೀಗ ನಾಲ್ಕು ತಿಂಗಳು" ಅಂದಳು. ನಂಗೇ ಗೊತ್ತಿರಲಿಲ್ಲ! "ಕೈಲಾಗೋವಾಗಲೇ ನಾಲ್ಕು ಕಾಸು ಮಾಡ್ಕೊಳ್ಳೋಣ ಅಂತ ಹಟ ಹಿಡಿದೆ. ನಿಮ್ಮ ಮನಸ್ಸು ನೋಯಿಸ್ದೆ, ತಪ್ಪಾಯ್ತು. ಇನ್ನು ಸ್ವಲ್ಪ ದಿನಕ್ಕೆ ನಾನೂ ಕಾವಲಿ ಮುಂದೆ ನಿಲ್ಲೋಕಾಗಲ್ಲ. ನೀವೇ ಪಾಲು ಬೇಡ ಅಂದ್ಬಿಟ್ರೆ, ನಾನು ಯಾವ ಮುಖ ಇಟ್ಕೊಂಡು ತಗೊಳ್ಲಿ?"

ಕಮಲಮ್ಮ ಅವಳನ್ನ ಎಬ್ಬಿಸಿ ಕುರ್ಚಿ ಮೇಲೆ ಕೂರಿಸಿದ್ರು. ಆಮೇಲೆ ನನ್ನ ಕಡೆ ತಿರುಗಿ, "ಬಸುರಿ ಹೆಂಗಸನ್ನ ಆಟೋದಲ್ಲಿ ಕುಲುಕಾಡಿಸ್ಕೊಂಡು ಕರ್ಕೊಂಡ್ ಬಂದಿದೀಯಲ್ಲೇ, ಬುದ್ಧಿ ಬೇಡ್ವಾ ನಿಂಗೆ!"

ಬೈಸ್ಕೊಂಡು ಇಷ್ಟು ಖುಷಿಯಾಗಿದ್ದು ಇದೇ ಮೊದಲು.

ಮಾರ್ಚ್ 29, ಬೆಳಿಗ್ಗೆ

ನಾಳೆ ಹಬ್ಬ. ಬಾಗಿಲಲ್ಲಿ ಆಗಲೇ ಜನ. ಕಮಲಮ್ಮ ಬಂದವರೇ ಕಾವಲಿ ಮುಂದೆ ಎತ್ತರದ ಸ್ಟೂಲ್ ಹಾಕ್ಸಿ, ಸೌಂದರ್ಯಾನ ಗದರಿಸಿ ಕೂರಿಸಿದಾರೆ. ಬರೆಯೋಕೂ ಬಿಡ್ತಿಲ್ಲ ಮಹಾತಾಯಿ — "ಚೂಡಾಮಣಿ, ಬಾರೇ! ನಿನ್ನ ಪಾಲಿನ ಕೆಲಸ ಯಾರು ಮಾಡ್ತಾರೆ?"