ಆನೆಯೋ ಡಬ್ಬಿಯೋ

ನವೆಂಬರ್ ೯, ಭಾನುವಾರ ಮಧ್ಯಾಹ್ನ

ಅಷ್ಟೆತ್ತರದ ಕ್ರೇನಿನಲ್ಲಿ ಕೂತು ದುಡಿಯುವ ಮಗಳಿಗೆ, ನೆಲದ ಮೇಲಿರುವ ಅಪ್ಪನ ಆಶೀರ್ವಾದ.

ನಾನು ಕ್ಷೇಮ. ನೀನೂ ಹಾಗೇ ಇರುವೆಯೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಮೂರು ಕಾರಣ ಬರೆದು ಮೂರನ್ನೂ ಹೊಡೆದುಹಾಕಿದೆ. ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟರು ‘ಡಿಲೇ ಈಸ್…’ ಎಂದು ಏನೋ ಒಂದು ಮಾತು ಹೇಳುತ್ತಿದ್ದರು. ‘ಈಸ್’ ಆದ ಮೇಲೆ ಏನು ಎಂಬುದು ಮರೆತುಹೋಗಿದೆ. ಒಳ್ಳೆಯದಂತೂ ಆಗಿರಲಾರದು. ಕ್ಷಮಿಸು.

ಬಂದರು ದುರಸ್ತಿಗೆಂದು ಡಿಸೆಂಬರ್ ಹತ್ತಕ್ಕೆ ಮುಚ್ಚುತ್ತದೆ, ಮೂರು ತಿಂಗಳು ರಜೆ, ಈ ಸಲ ಎಲ್ಲೂ ಅಲೆಯದೆ ನಿನ್ನ ಜೊತೆಗೇ ಇರುತ್ತೇನೆ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅದರ ಕೆಳಗಿನ ಸಾಲುಗಳನ್ನು ಅಷ್ಟು ಸಲ ಓದಲಿಲ್ಲ. “ಅಪ್ಪ, ಎರಡು ಕಾರಿಗೂ ಒಟ್ಟಿಗೆ ಕೈ ಹಾಕಿ ಎರಡನ್ನೂ ಕೆಡಿಸೋದು ಬೇಡ. ಒಂದನ್ನ ಆರಿಸು. ನನ್ನ ಕೇಳಿದ್ರೆ ಅಮ್ಮನ ಡಬ್ಬಿ. ಆದ್ರೆ ಶೆಡ್ಡು ನಿಂದು, ನೀನೇ ಹೇಳು. ಜಾರ್ಕೋಬೇಡ.”

ಜಾರಿಕೊಳ್ಳುವ ವಯಸ್ಸೇ ಇದು ತಾಯಿ? ಈಗ ಜಾರಿದರೆ ಸೊಂಟ ಮುರಿಯುತ್ತದೆ.

ಚಳಿ ಈ ಸಲ ಬೇಗ ಬಂದಿದೆ. ಬೆಳಿಗ್ಗೆ ಎದ್ದರೆ ಕಿಟಕಿಯ ಗಾಜಿನಾಚೆ ಬೀದಿಯೇ ಇರುವುದಿಲ್ಲ. ಅಡುಗೆಮನೆ, ಮಲಗುವ ಕೋಣೆ, ಶೆಡ್ಡು ಇವು ಮೂರೇ ನನ್ನ ಪ್ರಪಂಚ. ಬಾಗಿಲ ಸಂದಿಗೆಲ್ಲ ಹಳೆಯ ಬಟ್ಟೆ ತುರುಕಿದ್ದೇನೆ. ಚಳಿ ಒಳಗೆ ಬರುವುದಿಲ್ಲ, ನಾನೂ ಹೊರಗೆ ಹೋಗುವುದಿಲ್ಲ. ಶೆಡ್ಡಿನ ಸ್ಥಿತಿ ನೀನು ಕಳೆದ ಸಲ ಕಂಡದ್ದೇ. ಒಂದೂವರೆ ಕಾರಿಗೆ ಕಟ್ಟಿದ ಜಾಗದಲ್ಲಿ ಎರಡು ಕಾರು. ಎಡಕ್ಕೆ ಆನೆ, ಡಿಪೋದಲ್ಲಿ ದೊಡ್ಡ ಸಾಹೇಬರನ್ನು ಹೊತ್ತು ಸುಸ್ತಾಗಿ ನಮ್ಮ ಮನೆಗೆ ಬಂದ ದೊಡ್ಡ ಕಾರು. ಅದರ ಎಂಜಿನ್ ಹೊಟ್ಟೆಯಿಂದ ಹೊರಬಂದು ಎಂಟು ವರ್ಷದಿಂದ ಸರಪಳಿಯಲ್ಲಿ ನೇತಾಡುತ್ತಿದೆ. ಬಲಕ್ಕೆ, ಗೋಡೆಗೆ ಒತ್ತಿಕೊಂಡು ನಿನ್ನಮ್ಮನ ಪುಟ್ಟ ಕಾರು, ಡಬ್ಬಿ. ಆನೆಗೆ ಚಕ್ರ ತಿರುಗುವುದಿಲ್ಲ, ಡಬ್ಬಿಗೆ ಬಾಗಿಲು ತೆರೆಯಲು ಜಾಗವಿಲ್ಲ. ಒಂದು ಹೊರಗೆ ಹೋಗದೆ ಇನ್ನೊಂದು ಅಲುಗಾಡುವಂತಿಲ್ಲ. ಕೆಲವು ಸಂಸಾರಗಳೂ ಹೀಗೇ ಇರುತ್ತವೆ, ಇರಲಿ.

ಇದನ್ನೇ ನಮ್ಮ ಇಂಗ್ಲಿಷ್ ಮೇಷ್ಟರು ‘ಹಾರ್ನ್ಸ್ ಆಫ್ ಎ ಡೈಲೆಮಾ’ ಎನ್ನುತ್ತಿದ್ದರು. ಇಕ್ಕಟ್ಟಿಗೆ ಎರಡು ಕೊಂಬು ಇರುತ್ತದಂತೆ, ಒಂದನ್ನು ತಪ್ಪಿಸಿಕೊಂಡರೆ ಇನ್ನೊಂದು ತಿವಿಯುತ್ತದೆ. ನನ್ನ ಎರಡು ಕಾರಿನಲ್ಲೂ ಹಾರ್ನ್ ಕೆಟ್ಟಿದೆ, ಆದರೂ ತಿವಿತ ತಪ್ಪಿಲ್ಲ. ಪರೀಕ್ಷೆಗೆ ‘ಅಡ್ವಾಂಟೇಜಸ್ ಅಂಡ್ ಡಿಸ್‌ಅಡ್ವಾಂಟೇಜಸ್’ ಎಂದು ಪ್ರಬಂಧ ಬರೆಸುತ್ತಿದ್ದರು. ಅದರ ಪ್ರಕಾರವೇ ಯೋಚಿಸಿದೆ. ಆನೆಯನ್ನು ಎಬ್ಬಿಸಿದರೆ ಶೆಡ್ಡು ಅರ್ಧ ಖಾಲಿ. ಎಂಜಿನನ್ನು ಇಳಿಸುವುದು ನಿನಗೆ ಇಷ್ಟವಾದ ಕೆಲಸ. ಕ್ರೇನಿನವಳಿಗೆ ಅದು ಬಾಳೆಹಣ್ಣು ಸುಲಿದ ಹಾಗೆ. ಮೂರು ತಿಂಗಳಿಗೆ ಸಾಲುವಷ್ಟು ಕೆಲಸವೂ ಇದೆ. ಡಬ್ಬಿಯಲ್ಲಿ ಏನಿದೆ? ನಾಲ್ಕು ದಿನದಲ್ಲಿ ಮುಗಿದುಹೋದರೆ ಉಳಿದ ಚಳಿಗಾಲ ನೀನು ಇಲ್ಲಿ ಏನು ಮಾಡುತ್ತೀ? ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುತ್ತೀ.

ಎದುರುಮನೆಯ ವೆಲ್ಡರ್ ಮಾತ್ರ ನಿನ್ನ ಪಕ್ಷ. ಅವನ ವಿಷಯಕ್ಕೆ ಬಂದಾಗ ಒಂದು ಅವಮಾನದ ಸಂಗತಿ ಹೇಳಬೇಕು. ನಾನು ಹೇಳದಿದ್ದರೆ ಅವನು ಹೇಳುತ್ತಾನೆ, ಕೈಕಾಲು ಸೇರಿಸಿ ಹೇಳುತ್ತಾನೆ. ಮೊನ್ನೆ ಗುರುವಾರ ಬೆಳಿಗ್ಗೆ ಡಬ್ಬಿಯ ಹಿಂದಿನ ಬಾಗಿಲೆತ್ತಿ, ಸೀಟುಗಳ ಮೇಲೆ ತೆವಳಿ, ಡ್ರೈವರ್ ಸೀಟಿಗೆ ಹೋಗಿ ಕೂತೆ. ಯಾಕೆಂದು ಕೇಳಬೇಡ, ಸುಮ್ಮನೆ. ಹಿಂದಿನ ಬಾಗಿಲು ತನ್ನ ಭಾರಕ್ಕೆ ತಾನೇ ಧಡ್ ಎಂದು ಬಿತ್ತು. ಅದಕ್ಕೆ ಒಳಗಿನಿಂದ ಹಿಡಿಯಿಲ್ಲ. ಎಡ ಬಾಗಿಲಿಗೆ ಆನೆ ಅಡ್ಡ, ಬಲಕ್ಕೆ ಗೋಡೆ. ಕಿಟಕಿಯ ಗಾಜು ಇಳಿಸಿದರೆ ತಲೆ ಮಾತ್ರ ಆಚೆ ಹೋಗುತ್ತದೆ, ಹೊಟ್ಟೆ ಒಪ್ಪುವುದಿಲ್ಲ. ಹಾರ್ನ್ ಒತ್ತೋಣವೆಂದರೆ ಮೇಲೆ ಹೇಳಿದೆನಲ್ಲ.

ಎರಡು ಗಂಟೆ ಹಾಗೇ ಕೂತಿದ್ದೆ. ಕೊನೆಗೆ ವೆಲ್ಡರ್ ತನ್ನ ಏಣಿ ವಾಪಸ್ ಕೇಳಲು ಬಂದ. ಗಾಜಿನೊಳಗೆ ನನ್ನನ್ನು ನೋಡಿ, ಗಾಬರಿಯಾಗುವ ಬದಲು ಸೊಂಟಕ್ಕೆ ಕೈಯಿಟ್ಟು ನಿಂತ.

“ಏನ್ ಸಾರ್, ಎಲ್ಲಿಗೆ ಹೊರಟ್ರಿ?”

“ಹಿಂದಿನ ಬಾಗಿಲು ತೆಗಿ ಮಾರಾಯ.”

“ತೆಗೀತೀನಿ. ಮೊದಲು ಗೇರ್ ಹಾಕಿ ತೋರ್ಸಿ. ಟಿಕೆಟ್ ಎಷ್ಟು?”

“ಕಾಲು ಮರಗಟ್ಟಿದೆ ಕಣೋ.”

“ಬಸ್ ಡಿಪೋದಲ್ಲಿ ಮೂವತ್ತು ವರ್ಷ ಸ್ಟೋರ್ ಕೀಪರ್ ಆಗಿದ್ದೋರು, ಸ್ಟಾಕಿನ ಜೊತೆ ತಾವೂ ಒಳಗೇ ಉಳ್ಕೊಂಡ್ರಲ್ಲ ಸಾರ್.”

ಎಳೆದು ಹೊರಗೆ ಹಾಕಿದ. ಆಮೇಲೆ ಡಬ್ಬಿಯ ಹಿಂದೆ ಮುಂದೆ ಬಗ್ಗಿ ಬಗ್ಗಿ ನೋಡಿ, ಬೆರಳಿನಿಂದ ತಟ್ಟಿ, “ತುಕ್ಕೇ ಇಲ್ವಲ್ಲ ಸಾರ್ ಇದಕ್ಕೆ. ಇಷ್ಟು ಗಟ್ಟಿಮುಟ್ಟಾಗಿರೋ ಗಾಡಿ ಹದಿನೈದು ವರ್ಷದಿಂದ ಯಾಕೆ ನಿಂತಿದೆ?” ಎಂದ.

“ಟೈಮಿಂಗ್ ಸರಿಯಿಲ್ಲ,” ಎಂದೆ.

ಅವನು ನಕ್ಕ. ನಿನ್ನಮ್ಮ ಆ ಮಾತನ್ನು ಬೀದಿಗೆಲ್ಲ ಹಂಚಿದ್ದಳಲ್ಲ. ಹಾಲು ಉಕ್ಕಿದರೆ ಟೈಮಿಂಗ್ ಸರಿಯಿಲ್ಲ, ಊಟ ಮುಗಿದ ಮೇಲೆ ನೆಂಟರು ಬಂದರೆ ಟೈಮಿಂಗ್ ಸರಿಯಿಲ್ಲ. ನಿನ್ನನ್ನು ಮೊದಲು ನೋಡಿಕೊಂಡು ಹೋದ ಗಂಡಿನ ಬಗ್ಗೆಯೂ ಅದನ್ನೇ ಅಂದಿದ್ದಳು.

ಅಂದೇ ಸಂಜೆ ನಿನ್ನ ದೊಡ್ಡಮ್ಮ ಫೋನು ಮಾಡಿದ್ದರು. ನೀನು ಅವರಿಗೂ ಬರೆದಿದ್ದೀಯಂತೆ. ಆ ತಾಯಿಗೆ ಎಂಬತ್ತಾದರೂ ಮಾತಿನ ಚೂಪು ಇಳಿದಿಲ್ಲ. “ಏನಪ್ಪ, ಆನೆ ಡಬ್ಬಿ ಅಂತ ಆಟ ಆಡ್ತಿದ್ದೀಯಂತೆ. ನನ್ನ ತಂಗಿ ಕಾರನ್ನ ಮೊದಲು ಎಬ್ಬಿಸು. ಅವಳು ಇರೋವರೆಗೂ ಈ ಚಳಿಗಾಲ, ಮುಂದಿನ ಚಳಿಗಾಲ ಅಂತ ಮೂಗಿಗೆ ತುಪ್ಪ ಸವರಿದೆ. ಈಗ ಮಗಳಿಗೂ ಸವರಬೇಡ,” ಎಂದರು. ನಾನು “ಲೈನ್ ಸರಿಯಾಗಿ ಕೇಳಿಸ್ತಿಲ್ಲ ಅಕ್ಕ,” ಎಂದೆ. “ಕೇಳಿಸುತ್ತೆ, ಕೇಳಿಸುತ್ತೆ,” ಎಂದು ಅವರೇ ಇಟ್ಟರು.

ಒಬ್ಬರೂ ನನ್ನ ಕಡೆ ಇಲ್ಲ. ಆದರೂ ಶೆಡ್ಡು ನನ್ನದು ಎಂದು ನೀನೇ ಬರೆದಿದ್ದೀಯ. ಸೋ, ವಿತ್ ರೆಫರೆನ್ಸ್ ಟು ಯುವರ್ ಲೆಟರ್, ನನ್ನ ತೀರ್ಮಾನ ಆನೆ. ಈ ಚಳಿಗಾಲಕ್ಕೆ ಆನೆ. ಡಬ್ಬಿಯ ಮೇಲೆ ಒಂದು ದಪ್ಪ ಹೊದಿಕೆ ಹಾಕಿಬಿಡೋಣ. ಬರುವಾಗ ದಪ್ಪ ಕೈಗವಸು ತಾ. ನಿನ್ನ ಕೋಣೆಯ ಕಿಟಕಿಗೆ ಹೊಸ ಚಿಲಕ ಹಾಕಿಸಿದ್ದೇನೆ, ಹಾಸಿಗೆಯನ್ನು ಬಿಸಿಲಿಗೆ ಹಾಕೋಣವೆಂದರೆ ಬಿಸಿಲೇ ಇಲ್ಲ. ಮೇಲೆ ಹತ್ತುವಾಗ ಇಳಿಯುವಾಗ ಕೈ ಬಿಡಬೇಡ, ಗಾಳಿ ಜೋರಿದ್ದರೆ ಮೇಲಿನವರು ಏನೇ ಹೇಳಲಿ ಕೆಳಗಿಳಿ. ನೂರು ವರ್ಷ ಬಾಳು, ಯಾರ ಹಂಗೂ ಇಲ್ಲದೆ ಬಾಳು.

ನಿನ್ನ ದಾರಿ ನೋಡುತ್ತಿರುವ,
ಅಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿ, ಒಣಗುವ ಮೊದಲೇ ಬಿಡಿಸಿದ್ದೇನೆ. ಆನೆ ಎಂದು ಬರೆದದ್ದೇನೋ ಸರಿ, ಆದರೆ ಬರೆದ ಕಾರಣಗಳಲ್ಲಿ ಒಂದೂ ನಿಜವಲ್ಲ.

ಡಬ್ಬಿಗೆ ಟೈಮಿಂಗ್ ಯಾವತ್ತೂ ಕೆಟ್ಟಿರಲಿಲ್ಲ. ನೀನು ಆಗ ಹಾಸ್ಟೆಲಿನಲ್ಲಿದ್ದೆ. ದೊಡ್ಡಮ್ಮನ ಊರಿನ ಲೈಬ್ರರಿಯಲ್ಲಿ ನಿನ್ನಮ್ಮನಿಗೆ ಕೆಲಸ ಸಿಕ್ಕಿತ್ತು. ವಾರದಲ್ಲಿ ಐದು ದಿನ ಅಕ್ಕನ ಮನೆಯಲ್ಲಿದ್ದು ಶನಿವಾರ ಬರುತ್ತೇನೆ ಎಂದಿದ್ದಳು. ಅದಕ್ಕಾಗಿಯೇ ಕಾರು ಕಲಿತಿದ್ದಳು. ನಾನು ಬೇಡವೆಂದೆ. “ನಿಮ್ಮ ಸ್ಟೋರಿನ ಸಾಮಾನಿನ ಥರ ಶೆಲ್ಫ್ ಮೇಲೆ ಕೂತಿರೋಕೆ ನನ್ನಿಂದಾಗಲ್ಲ,” ಎಂದಳು. ಶನಿವಾರಗಳು ತಿಂಗಳಿಗೊಂದಾಗಿ, ಆಮೇಲೆ ಇಲ್ಲವೇ ಇಲ್ಲವಾಗುತ್ತವೆ ಎಂದು ನನಗೆ ಹೆದರಿಕೆ. ಸೋಮವಾರ ಹತ್ತು ಗಂಟೆಗೆ ಅವಳು ಅಲ್ಲಿ ಸಹಿ ಹಾಕಬೇಕಿತ್ತು. ಅವಳು ಸ್ನಾನಕ್ಕೆ ಹೋದಾಗ ನಾನು ಡಬ್ಬಿಯ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ರೋಟರ್ ತೆಗೆದು ಜೇಬಿಗೆ ಹಾಕಿಕೊಂಡೆ. ನಿನಗೆ ಹೇಳಬೇಕಿಲ್ಲ, ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ಕು. ಪ್ಲಗ್ಗುಗಳಿಗೆ ಕಿಡಿ ಹಂಚುವುದು ಅದೇ. ಡಿಪೋದಲ್ಲಿ ಚೀಟಿಯಿಲ್ಲದೆ ಒಂದು ವಾಷರ್ ಕೂಡ ಕೊಟ್ಟವನಲ್ಲ ನಾನು.

ಎಂಜಿನ್ ಬರೀ ಮುಲುಕಿತು, ಹತ್ತಲಿಲ್ಲ. ಮೊದಲ ಬಸ್ಸು ಅಲ್ಲಿ ಮುಟ್ಟುವುದೇ ಹನ್ನೆರಡಕ್ಕೆ. ಸಂಜೆಯೊಳಗೆ ಕೆಲಸ ಪಟ್ಟಿಯಲ್ಲಿದ್ದ ಮುಂದಿನವರಿಗೆ ಹೋಯಿತು. “ಏನಾಗಿದೆ ಇದಕ್ಕೆ?” ಎಂದು ಕೇಳಿದಳು. ಬಾಯಿಗೆ ಬಂದದ್ದು ಹೇಳಿದೆ, ಕಿಡಿ ಹೊತ್ತಿಗೆ ಸರಿಯಾಗಿ ಬೀಳುತ್ತಿಲ್ಲ, ಟೈಮಿಂಗ್ ಸರಿಯಿಲ್ಲ ಎಂದು.

ಆಮೇಲೆ ಪ್ರತಿ ಚಳಿಗಾಲವೂ ನಾನು ಅದನ್ನು ರಿಪೇರಿ ಮಾಡುವ ನಾಟಕ ಆಡಿದೆ. ಕಾರ್ಬ್ಯುರೇಟರ್ ತೊಳೆದೆ, ವೈರು ಬದಲಿಸಿದೆ, ಬ್ಯಾಟರಿಯನ್ನಂತೂ ಎರಡನೇ ವರ್ಷವೇ ತೆಗೆದು ಆನೆಗೆ ಹಾಕಿದೆ. ಆ ಒಂದು ಮುಚ್ಚಳವನ್ನು ಮಾತ್ರ ಮುಟ್ಟಲಿಲ್ಲ. ನಿನ್ನಮ್ಮ ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಬಂದು ಟಾರ್ಚ್ ಹಿಡಿದು ನಿಲ್ಲುತ್ತಿದ್ದಳು. ನಾನೇ ಬಚ್ಚಿಟ್ಟದ್ದನ್ನು ನಾನು ಅವಳ ಬೆಳಕಿನಲ್ಲಿ ಹುಡುಕುತ್ತಿದ್ದೆ.

ನಿನ್ನ ಕಾಗದ ಬಂದ ಮೇಲೆ ಹೆದರಿಕೊಂಡೆ. ನೀನು ಮೊದಲು ಬಿಚ್ಚುವುದೇ ಆ ಮುಚ್ಚಳ. ಆದ್ದರಿಂದ ನೀನು ಬರುವುದರೊಳಗೆ ರೋಟರನ್ನು ಅದರ ಜಾಗಕ್ಕೆ ಹಾಕಿಬಿಟ್ಟರೆ, ಬ್ಯಾಟರಿಯ ಮೇಲೆ ತಪ್ಪು ಹೊರಿಸಿ ಪಾರಾಗಬಹುದು ಎಂದುಕೊಂಡೆ. ಗುರುವಾರ ಬೆಳಿಗ್ಗೆ ಬಾನೆಟ್ ಎತ್ತಿ ಮುಚ್ಚಳ ತೆಗೆದೆ.

ಒಳಗೆ ರೋಟರ್ ಇತ್ತು. ಹಳೆಯದು ನನ್ನ ಕೈಯಲ್ಲೇ ಇದೆ, ಅಲ್ಲಿ ಇನ್ನೊಂದು. ಹೊಸದು. ತುದಿಯಲ್ಲಿ ಒಂದು ಸುಟ್ಟ ಗುರುತೂ ಇಲ್ಲ, ಒಮ್ಮೆಯೂ ಕಿಡಿ ಕಂಡದ್ದಲ್ಲ.

ಶೆಡ್ಡಿನ ಬೀಗದ ಕೈ ಇದ್ದದ್ದು ನನ್ನ ಮತ್ತು ನಿನ್ನಮ್ಮನ ಹತ್ತಿರ ಮಾತ್ರ. ಅಷ್ಟು ಚಳಿಗಾಲ ಟಾರ್ಚ್ ಹಿಡಿದವಳು ಕಲಿಯದೆ ಇರುತ್ತಾಳೆಯೇ? ಯಾವಾಗ ತಂದಳು, ಯಾವ ವರ್ಷ ಹಾಕಿದಳು, ನನಗೆ ಗೊತ್ತಿಲ್ಲ. ಬ್ಯಾಟರಿ ಇಲ್ಲವೆಂದು ಅವಳಿಗೆ ಗೊತ್ತಿತ್ತು, ತೆಗೆಯುವಾಗ ಬೆಳಕು ಹಿಡಿದವಳೂ ಅವಳೇ. ಅಂದರೆ ಹೊರಡುವುದಕ್ಕೆಂದು ಹಾಕಿದ್ದಲ್ಲ. ನಾನು ಎಂದಾದರೊಂದು ದಿನ ಆ ಮುಚ್ಚಳ ತೆಗೆಯಲಿ ಎಂದು ಹಾಕಿದ್ದು. ತೆಗೆದಿದ್ದರೆ ಇಬ್ಬರೂ ಒಟ್ಟಿಗೆ ನೋಡುತ್ತಿದ್ದೆವು. ಬಯ್ಯುತ್ತಿದ್ದಳೋ, ನಗುತ್ತಿದ್ದಳೋ. ನಾನು ತೆಗೆಯಲಿಲ್ಲ, ಅವಳು ಹೋಗಿ ಎರಡು ವರ್ಷವಾಯಿತು. ಅದಕ್ಕೇ ಅವಳ ಸೀಟಿನಲ್ಲಿ ಹೋಗಿ ಕೂತದ್ದು. ಬಾಗಿಲು ಬಿದ್ದದ್ದು ಆಮೇಲೆ. ಅದು ಬೀಳದಿದ್ದರೂ ನಾನು ಏಳುತ್ತಿರಲಿಲ್ಲ. ಆ ಮುಚ್ಚಳವನ್ನು ನಿನ್ನೆದುರು ತೆಗೆಯುವ ಧೈರ್ಯವಿಲ್ಲದೆ ಆನೆ ಎಂದು ಬರೆದೆ.

ಇಂಥ ಅಪ್ಪನ ಜೊತೆ ಮೂರು ತಿಂಗಳು ಇರಬೇಕೋ ಬೇಡವೋ ನೀನು ಯೋಚಿಸು. ನೀನು ನಿಲ್ಲಲೆಂದು ಯಾವ ಸುಳ್ಳನ್ನೂ ಇನ್ನು ಹೇಳುವುದಿಲ್ಲ. ಬರುತ್ತೀಯಾದರೆ ಯಾವ ಕಾರೆಂದು ನೀನೇ ಹೇಳು. ಬರುವುದಿಲ್ಲವೆಂದಾದರೆ ಅದನ್ನಾದರೂ ಒಂದು ಸಾಲು ಬರೆ.